ನೈಟ್ರಿಕ್ ಆಸಿಡ್ ಹೊರದೇಶಕ್ಕೆ ಕಳಿಸುವವರ ಗಮನಕ್ಕೆ

ಗೆಳೆಯರೇ, ದಯವಿಟ್ಟು ಪೂರ್ತಿ ಓದಿ. 2021ರ ಮೇ ತಿಂಗಳಲ್ಲಿ ಕೊಲಂಬೊ ಹತ್ತಿರ ಎಕ್ಸ್‌-ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿಯಿತು. ಅದರಲ್ಲಿ 25 ಟನ್ ನೈಟ್ರಿಕ್ ಆಸಿಡ್ ಇತ್ತು. ಆಸಿಡ್ ಸೋರುತ್ತಿರುವುದು ಬೆಂಕಿಗೆ ಮೊದಲೇ ಗೊತ್ತಾಗಿತ್ತು. ಆದರೆ ಕತಾರ್‌ನ ಹಮದ್ ಬಂದರಲ್ಲೂ ನಮ್ಮ ಗುಜರಾತಿನ ಹಜೀರಾ ಬಂದರಲ್ಲೂ ಆ ಕಂಟೇನರ್ ಇಳಿಸಲು ಆಗಲಿಲ್ಲ. ಸೋರುವ ಸರಕಿಗೆ ಯಾರೂ ಬೇಗ ಕೈ ಹಾಕುವುದಿಲ್ಲ, ಅಲ್ವಾ?

ಅದಕ್ಕೇ ಕಂಟೇನರ್‌ಗೆ ಸೀಲ್ ಹಾಕುವ ಮುಂಚೆ ಪ್ರತಿ ಡ್ರಮ್ಮಿನ ಮುಚ್ಚಳ ಬಿಗಿಯಾಗಿದೆಯಾ ಅಂತ ಗ್ಲೌಸ್ ಹಾಕಿದ ಕೈಯಿಂದಲೇ ಮುಟ್ಟಿ ನೋಡಿ. ಡ್ರಮ್ ಮೇಲೆ ಅಚ್ಚಾದ ತಾರೀಖನ್ನೂ ನೋಡಿ. ಆಸಿಡ್ 55 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಪ್ಲಾಸ್ಟಿಕ್ ಡ್ರಮ್ ತಯಾರಾಗಿ 2 ವರ್ಷ ದಾಟಿರಬಾರದು. ಡ್ರಮ್‌ಗಳ ಸಂದಿಗೆ ಮರದ ಪುಡಿ, ಗೋಣಿಚೀಲ ತುರುಕಲೇಬೇಡಿ. ಆಸಿಡ್ ತಾಗಿದರೆ ಅವೇ ಹೊತ್ತಿಕೊಳ್ಳಬಹುದು. ಡ್ರಮ್ ಮೇಲೆ ಯುಎನ್ 2031 ನಂಬರ್ (ನೈಟ್ರಿಕ್ ಆಸಿಡ್‌ನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), 8ನೇ ವರ್ಗದ (ಸುಟ್ಟು ಕೊರೆಯುವ ವಸ್ತು) ಲೇಬಲ್ ಇರಲೇಬೇಕು. 65 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ 5.1 ಲೇಬಲ್ (ಬೇರೆ ವಸ್ತು ಉರಿಯಲು ನೆರವಾಗುವ ಆಕ್ಸಿಡೈಸರ್ ಎಂಬ ಗುರುತು) ಕೂಡ.