ಅಪ್ಪನಿಗೆ ಸ್ಟೆಂಟೋ, ಬೈಪಾಸೋ: ಅಕ್ಕನಿಗೊಂದು ಪತ್ರ

ಜೂರಿಕ್

ಪ್ರೀತಿಯ ಅಕ್ಕಾ,

ಅಪ್ಪನ ಆಂಜಿಯೋಗ್ರಾಮ್ ರಿಪೋರ್ಟು ನೋಡಿದೆ. ನಿನ್ನೆ ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿ ಯಾರದ್ದೂ ಪೂರ್ತಿಯಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಹೃದಯದ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಇದೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ಶೇ. 90 ಕಟ್ಟಿದೆ, ಅದೂ ಉದ್ದಕ್ಕೆ. ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಕಾರ್ಡಿಯಾಲಜಿಸ್ಟೂ ಸರ್ಜನ್ನೂ ಇಬ್ಬರೂ ಬೈಪಾಸ್ ಅಂದಿದ್ದಾರೆ. ಅಪ್ಪ ಮಾತ್ರ ‘ಎದೆ ಸೀಳೋದು ಬೇಡ, ಮೇಷ್ಟ್ರಿಗೆ ಹಾಕಿದ ಹಾಗೆ ಸ್ಟೆಂಟ್ ಹಾಕಿಬಿಡಲಿ’ ಅಂತ ಹಠ ಹಿಡಿದಿದ್ದಾರೆ.

ಮೇಷ್ಟ್ರ ಕಥೆ ಬೇರೆ ಅಲ್ವಾ? ಅವರಿಗೆ ಹಾರ್ಟ್ ಅಟ್ಯಾಕ್ ಆಗಿ ಒಂದು ನಾಳ ಪೂರ್ತಿ ಮುಚ್ಚಿತ್ತು. ಆಗ ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ, ತಕ್ಷಣ ಬಲೂನ್ ಹಾಕಿ ತೆರೆದು, ಮತ್ತೆ ಮುಚ್ಚದಂತೆ ಸ್ಟೆಂಟ್ ಅನ್ನುವ ಪುಟ್ಟ ಜಾಲರಿ ಕೊಳವೆ ಇಡಬೇಕು. ಅಪ್ಪನಿಗೆ ಅಟ್ಯಾಕ್ ಆಗಿಲ್ಲ. ಏರು ಹತ್ತಿದರೆ ಎದೆ ಬಿಗಿಯುತ್ತದೆ, ಕೂತರೆ ಇಳಿಯುತ್ತದೆ. ಯೋಚಿಸಲು ನಮಗೆ ಸಮಯವಿದೆ.

ನಾನು ಟ್ರಾಮಿನಲ್ಲಿ ದಾಟಿ ಹೋಗುವ ಇಲ್ಲಿನ ಯೂನಿವರ್ಸಿಟಿ ಆಸ್ಪತ್ರೆಯಲ್ಲೇ 1977ರ ಸೆಪ್ಟೆಂಬರ್ 16ರಂದು ಮೊದಲ ಬಾರಿಗೆ ಹೃದಯದ ನಾಳದೊಳಗೆ ಬಲೂನ್ ಬಿಟ್ಟು ಬ್ಲಾಕ್ ತೆರೆದದ್ದು. ಆಂಡ್ರಿಯಾಸ್ ಗ್ರುಂಟ್ಸಿಗ್ ಅಂತ ಡಾಕ್ಟರು. ಶುರುವಿನ ಬಲೂನುಗಳನ್ನು ಮನೆಯ ಅಡುಗೆಮನೆಯಲ್ಲೇ ತಯಾರಿಸಿಕೊಂಡವರು. ರೋಗಿಗೆ 38 ವರ್ಷ, ಎಚ್ಚರವಾಗಿಯೇ ಇದ್ದ. ಕಟ್ಟಿದ್ದು ಎಲ್‌ಎಡಿಯೇ, ಆದರೆ ಒಂದೇ ಕಡೆ, ಗಿಡ್ಡ ತುಂಡು. ಎಡವಟ್ಟಾದರೆ ಇರಲಿ ಅಂತ ಬೈಪಾಸ್ ಸರ್ಜನ್‌ಗಳೂ ತಯಾರಾಗಿ ನಿಂತಿದ್ದರು. ಸ್ಟೆಂಟ್ ಬಂದದ್ದು ಆಮೇಲೆ, 1986ರಲ್ಲಿ. ಈಗ ತುಂಬಾ ಸಲೀಸಾಗಿದೆ, ನಿಜ. ಆದರೂ ಅದು ಕೆಲಸ ಮಾಡುವುದು ಹಾಕಿದ ಜಾಗದಲ್ಲಿ ಮಾತ್ರ.

ಅಪ್ಪನಿಗೆ ಹೀಗೆ ಹೇಳು: ಸ್ಟೆಂಟ್ ಅಂದರೆ ಕಾಲುವೆಯಲ್ಲಿ ಒಂದು ಕಡೆ ಹೂಳು ತೆಗೆದ ಹಾಗೆ. ಬೈಪಾಸ್ ಅಂದರೆ ಹೂಳು ತುಂಬಿದ ಭಾಗವನ್ನೇ ಬಿಟ್ಟು ಮುಂದಕ್ಕೆ ಹೊಸ ಕಾಲುವೆ ತೋಡಿದ ಹಾಗೆ. ಹಳೇ ಕಾಲುವೆಯಲ್ಲಿ ನಾಳೆ ಇನ್ನೊಂದು ಕಡೆ ಹೂಳು ಕಟ್ಟಿದರೂ ಗದ್ದೆಗೆ ನೀರು ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾಳದ ಉದ್ದಕ್ಕೂ ಕಟ್ಟುತ್ತಾ ಹೋಗುವುದು ಜಾಸ್ತಿ, ಅದಕ್ಕೇ ಈ ವ್ಯತ್ಯಾಸ ದೊಡ್ಡದು. ಈ ಹೊಸ ಕಾಲುವೆಯಾಗಿ ಎದೆಗೂಡಿನ ಒಳಗೋಡೆಯಲ್ಲಿರುವ ಮ್ಯಾಮರಿ ಅಪಧಮನಿಯನ್ನು ಎಲ್‌ಎಡಿಗೆ ಜೋಡಿಸಿದರೆ, ಹತ್ತು ವರ್ಷವಾದರೂ ಹೆಚ್ಚಿನವರಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ರಕ್ತನಾಳ ಅಷ್ಟು ಬಾಳಿಕೆ ಬರುವುದಿಲ್ಲ.

2012ರಲ್ಲಿ ಬಂದ ಫ್ರೀಡಂ ಅಧ್ಯಯನ ಅಪ್ಪನಂಥವರದ್ದೇ. ಸಕ್ಕರೆ ಕಾಯಿಲೆ ಇದ್ದು, ಒಂದಕ್ಕಿಂತ ಹೆಚ್ಚು ನಾಳ ಕಟ್ಟಿದ್ದ 1,900 ಜನ. ಐದು ವರ್ಷದಲ್ಲಿ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮೂರೂ ಸೇರಿ ನೋಡಿದರೆ, ಸ್ಟೆಂಟ್ ಹಾಕಿದ ನೂರರಲ್ಲಿ ಸುಮಾರು 27 ಜನಕ್ಕೆ ಇದರಲ್ಲಿ ಒಂದಾದರೂ ಆಗಿತ್ತು. ಬೈಪಾಸ್ ಆದವರಲ್ಲಿ 19. ಸ್ಟ್ರೋಕ್ ಒಂದನ್ನೇ ನೋಡಿದರೆ ಮಾತ್ರ ಬೈಪಾಸ್‌ನಲ್ಲೇ ಜಾಸ್ತಿ, ನೂರಕ್ಕೆ ಸುಮಾರು 5, ಸ್ಟೆಂಟ್‌ನಲ್ಲಿ 2. ಇದನ್ನು ಅಪ್ಪನಿಂದ ಮುಚ್ಚಿಡಬೇಡ. ಅವರು ಮಗುವಲ್ಲ.

ನೋವೂ ಇರುತ್ತದೆ. ಎದೆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಅಲ್ಲಿವರೆಗೆ ಭಾರ ಎತ್ತುವಂತಿಲ್ಲ, ಸ್ಕೂಟರ್ ಓಡಿಸುವಂತಿಲ್ಲ. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು. ಕೆಲವರಿಗೆ ಸುಮ್ಸುಮ್ನೆ ಅಳು ಬರುತ್ತದಂತೆ, ಅಮ್ಮ ಗಾಬರಿಯಾಗದಿರಲಿ.

ಬೀಡಿ ಇವತ್ತೇ ನಿಲ್ಲಬೇಕು. ಮೂರು ಚೆಂಡಿನ ಉಸಿರಾಟದ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಈಗಿನಿಂದಲೇ ಎಳೆದು ಅಭ್ಯಾಸ ಮಾಡಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೊಗ್ರೆಲ್ ಮಾತ್ರೆ ಯಾವತ್ತು ನಿಲ್ಲಿಸಬೇಕು ಅಂತ ಸರ್ಜನ್ನನ್ನೇ ಕೇಳು, ನಾವಾಗಿ ನಿಲ್ಲಿಸುವುದು ಬೇಡ. ಎಲ್‌ಎಡಿಗೆ ಮ್ಯಾಮರಿ ಹಾಕುತ್ತಾರಾ ಅಂತಲೂ ಕೇಳು.

ದುಡ್ಡು ನಿನ್ನ ಖಾತೆಗೆ ಹಾಕಿದ್ದೇನೆ. ಆಪರೇಷನ್ ದಿನ ಗೊತ್ತಾದ ಕೂಡಲೇ ಮೆಸೇಜ್ ಮಾಡು, ಟಿಕೆಟ್ ಬುಕ್ ಮಾಡುತ್ತೇನೆ. ಡಿಸ್ಚಾರ್ಜ್ ಆದ ಮೇಲೆ ನೋಡಿಕೊಳ್ಳುವ ಕೆಲಸ ನನ್ನದು.

ನಿನ್ನ ತಮ್ಮ