ಶಾಲು ಸಾಕು, ಚಿತ್ರದುರ್ಗಕ್ಕೆ ಹೋಗಿಬರಲು ಒಂದು ದಿನ ಕೊಡಿ

ಮಾನ್ಯ ಸಂಪಾದಕರೇ,

ಮೇ 12ರ ದಾದಿಯರ ದಿನಾಚರಣೆಯ ಚಿತ್ರವನ್ನು ನಿಮ್ಮ ಜಿಲ್ಲಾ ಪುಟದಲ್ಲಿ ನೋಡಿದೆ. ಗಣ್ಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರು, ಸನ್ಮಾನಿತರು ಅವರ ಹಿಂದೆ ಶಾಲು ಹೊದ್ದು ನಿಂತಿದ್ದರು. ಭಾಷಣ ಮಾಡಿದವರೆಲ್ಲರೂ ಕೋವಿಡ್ ಕಾಲದ ಸೇವೆಯನ್ನು ಸ್ಮರಿಸಿದರು ಎಂದು ವರದಿಯಲ್ಲಿತ್ತು. ಆ ಸೇವೆ ಮಾಡಿದವರು ಈಗ ಹೇಗಿದ್ದಾರೆ ಎಂದು ಒಬ್ಬರಾದರೂ ವಿಚಾರಿಸಿದರೇ? ನನ್ನ ಹೆಂಡತಿ ಸ್ಟಾಫ್ ನರ್ಸ್. ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವನು, ವೈದ್ಯಶಾಸ್ತ್ರ ನನಗೆ ತಿಳಿಯದು. ನಮ್ಮ ಮನೆಯೊಳಗೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ, ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ.

2021ರ ಎರಡನೇ ಅಲೆಯಲ್ಲಿ ಅವಳಿಗೆ ಕೋವಿಡ್ ವಾರ್ಡಿನ ಕೆಲಸ. ಭಟ್ಟಿ ಮುಚ್ಚಿತ್ತು, ಅಡುಗೆ ನನ್ನದು. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಒಂದು ಲೆಕ್ಕ ನನ್ನ ಕಣ್ಣಿಗೆ ಬಿತ್ತು. ಜಂಬೊ ಸಿಲಿಂಡರ್ ಒಂದರಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಉಸಿರು ತೀರಾ ಕಟ್ಟಿದವರಿಗೆ ಚೀಲವಿರುವ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಬಿಡಬೇಕಾಗುತ್ತದೆ. ಭಾಗಿಸಿ ನೋಡಿ, ಎಂಟು ಗಂಟೆಗೂ ಸಾಲುವುದಿಲ್ಲ. ಪಾಳಿ ಮುಗಿಯುವ ಮೊದಲೇ ಒಬ್ಬ ರೋಗಿಗೆ ಒಂದು ಸಿಲಿಂಡರ್ ಮುಗಿದಿರುತ್ತದೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿ ಮೇ 3ರಂದು ಟಿ.ವಿ.ಯಲ್ಲಿ ಬಂತು. ಅವಳು ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು, ವಾರ್ಡಿಗೆ ಫೋನ್ ಮಾಡಿ ಎಷ್ಟು ಸಿಲಿಂಡರ್ ಉಳಿದಿವೆ ಎಂದು ಕೇಳಿದಳು. ಅಂದು ಅವಳಿಗೆ ವಾರದ ರಜೆ.

ಅವಳಿದ್ದ ವಾರ್ಡಿನಲ್ಲಿ ಆಮ್ಲಜನಕ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಆ ಲೆಕ್ಕ ಅವಳ ತಲೆಯಲ್ಲಿ ಇಂದಿಗೂ ನಡೆಯುತ್ತಲೇ ಇದೆ. ಮನೆಯ ಅಡುಗೆ ಅನಿಲದ ಸಿಲಿಂಡರನ್ನು ಆಗಾಗ ಅಲುಗಾಡಿಸಿ ನೋಡುತ್ತಾಳೆ. ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇದ್ದರೂ, "ರೀ, ಬುಕ್ ಮಾಡಿದ್ದೀರಾ?" ಎಂದು ನಡುರಾತ್ರಿ ಎಬ್ಬಿಸಿ ಕೇಳಿದ್ದುಂಟು.

ಇದಕ್ಕಿಂತ ಭಾರವಾದ ಇನ್ನೊಂದು ಸಂಗತಿಯಿದೆ. ಅದನ್ನು ಅವಳು ನನಗೆ ಹೇಳಿದ್ದೇ ಬಹಳ ತಡವಾಗಿ. ಆಗ ರೋಗಿಯ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಮಕ್ಕಳ ಮುಖ ತೋರಿಸಲು ರೋಗಿಯ ಎದುರು ಮೊಬೈಲ್ ಹಿಡಿಯುತ್ತಿದ್ದವರು ನರ್ಸ್‌ಗಳೇ. ಹೆಂಗಸರು ತೀರಿಕೊಂಡರೆ ಮೈಮೇಲಿನ ಒಡವೆಗಳನ್ನು ಬಿಚ್ಚಿ, ಪಟ್ಟಿ ಬರೆದು, ಪೊಟ್ಟಣ ಕಟ್ಟಿ, ಹೊರಗೆ ಕಾಯುತ್ತಿದ್ದವರಿಂದ ಸಹಿ ಹಾಕಿಸಿಕೊಂಡು ಒಪ್ಪಿಸಬೇಕಿತ್ತು. ಮಾಂಗಲ್ಯದ ಸರ ಒಂದು, ಓಲೆ ಒಂದು ಜೊತೆ, ಕಾಲುಂಗುರ ಎರಡು. ಊದಿದ ಬೆರಳಿನಿಂದ ಕಾಲುಂಗುರ ಬರುವುದಿಲ್ಲವಂತೆ. ಎರಡೆರಡು ಕೈಗವಸು ಹಾಕಿಕೊಂಡು, ಮಂಜಾದ ಕನ್ನಡಕದೊಳಗಿಂದ ನೋಡುತ್ತಾ ಅದನ್ನು ಬಿಡಿಸಬೇಕು. ಪಟ್ಟಿಯಲ್ಲಿ ಒಂದು ಸಾಮಾನು ಕಡಿಮೆಯಾದರೂ ಕಳ್ಳಿ ಎಂಬ ಮಾತು ಕೇಳಬೇಕಾಗುತ್ತಿತ್ತು, ಅವಳ ಜೊತೆಯವರೊಬ್ಬರು ಕೇಳಿದ್ದಾರೆ. ಆ ಮಾತು ಆಡಿದವರನ್ನು ನಾನು ದೂರುವುದಿಲ್ಲ, ಹೆತ್ತ ತಾಯಿಯ ಮುಖವನ್ನೂ ಸರಿಯಾಗಿ ನೋಡಲಾಗದೆ ಪೊಟ್ಟಣ ಹಿಡಿದು ನಿಂತವರು ಅವರು.

ಡ್ಯೂಟಿಗೆಂದು ಆಗ ತೆಗೆದಿಟ್ಟ ತನ್ನ ಕಾಲುಂಗುರಗಳನ್ನು ನನ್ನ ಹೆಂಡತಿ ಮತ್ತೆ ಹಾಕಿಕೊಂಡಿಲ್ಲ. ನನ್ನ ತಾಯಿ ಇದಕ್ಕಾಗಿ ಜಗಳವಾಡಿದರು, ಬಂದ ನೆಂಟರು ಕಾಲು ನೋಡಿ ಮುಖ ನೋಡಿದರು. ನಾನು ಅವ್ವನಿಗೆ ಒಂದೇ ಮಾತು ಹೇಳಿದೆ: ಬದುಕಿರುವವನು ನಾನು, ನನಗಿಲ್ಲದ ಚಿಂತೆ ನಿನಗೇಕೆ?

ಇನ್ನು ಸರ್ಕಾರದ ಮಾತು. 2020ರ ಮಾರ್ಚ್ 22ರಂದು ಚಪ್ಪಾಳೆ ತಟ್ಟಿಸಿದರು. ಮೇ 3ರಂದು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು, ಆರೋಗ್ಯ ಸಿಬ್ಬಂದಿಯನ್ನು ತೀವ್ರವಾಗಿ ಗಾಯಗೊಳಿಸಿದವರಿಗೆ 7 ವರ್ಷದವರೆಗೆ ಜೈಲು ಎಂದರು. ಇದು ಒಳ್ಳೆಯ ಕಾನೂನು. ಕೋವಿಡ್ ಕರ್ತವ್ಯದಲ್ಲಿ ಸತ್ತವರ ಕುಟುಂಬಕ್ಕೆ 50 ಲಕ್ಷ ರೂಪಾಯಿ ವಿಮೆಯನ್ನೂ ಘೋಷಿಸಿದರು. ಹೊಡೆದರೆ ಕಾನೂನಿದೆ, ಸತ್ತರೆ ವಿಮೆಯಿತ್ತು. ಬದುಕುಳಿದು ನಿದ್ದೆ ಕಳೆದುಕೊಂಡವರ ಗತಿ ಏನು?

ಮನೋವೈದ್ಯರು ಇದ್ದಾರಲ್ಲ ಎನ್ನಬಹುದು. ಇದ್ದಾರೆ, ನಮ್ಮ ಜಿಲ್ಲೆಯ ಪುಣ್ಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಆಗ ನಮ್ಮ ನೆರೆಯ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವನ್ನು ನೋಡಿಯೇ ಕೇಂದ್ರ ಸರ್ಕಾರ 1996ರಲ್ಲಿ ಅದನ್ನು ದೇಶದ ಬೇರೆ ಜಿಲ್ಲೆಗಳಿಗೆ ಒಯ್ಯತೊಡಗಿತು. ನನ್ನ ಹೆಂಡತಿಯ ತವರು ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. (ಆಮೇಲೆ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಹೆಂಡತಿ ಅಲ್ಲಾಡದಿದ್ದರೂ ತವರು ಅಲ್ಲಾಡುತ್ತಲೇ ಇದೆ.) ಆದ್ದರಿಂದ ವೈದ್ಯರಿಲ್ಲ ಎಂಬುದು ನನ್ನ ದೂರಲ್ಲ. ಇರುವ ವೈದ್ಯರ ಬಳಿಗೆ ಆಸ್ಪತ್ರೆಯವರೇ ಹೋಗಲಾರರು ಎಂಬುದು ನನ್ನ ದೂರು.

ನನ್ನ ಒತ್ತಾಯಕ್ಕೆ ಅವಳು ಒಮ್ಮೆ ಹೊರರೋಗಿ ಚೀಟಿ ಮಾಡಿಸಿ ಮನೋವೈದ್ಯರ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತಳು. ಅವಳ ವಾರ್ಡಿನಲ್ಲೇ ಗುಣವಾಗಿ ಹೋಗಿದ್ದ ಜಗಳೂರು ಕಡೆಯ ಅಜ್ಜಿಯೊಬ್ಬರು ಗುರುತು ಹಿಡಿದು, "ಸಿಸ್ಟರವ್ವಾ, ನೀನೂ ಇಲ್ಲಿಗೆ ಬಂದೆಯಾ?" ಎಂದು ಪ್ರೀತಿಯಿಂದಲೇ ಕೇಳಿದರು. ಫೈಲ್ ಕೊಡಲು ಬಂದಿದ್ದೇನೆ ಎಂದು ಹೇಳಿ ಎದ್ದು ಬಂದಳು. ಒಳಗಿದ್ದ ವೈದ್ಯರು ಅವಳ ಜೊತೆ ದಿನವೂ ಚಹಾ ಕುಡಿಯುವವರು. ಔಷಧಿ ಕೊಡುವವರು ಅವಳ ಸ್ನೇಹಿತೆ. ಚೀಟಿ ಬರೆಯುವ ಹುಡುಗ ಪಕ್ಕದ ಬೀದಿಯವನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದಿದೆ, ಸಂತೋಷ. ಆದರೆ ಬೆಂಚಿಗೆ ಗೋಪ್ಯತೆ ಎಲ್ಲಿಂದ ಬರಬೇಕು? ಅದರ ಮೇಲೆ ಇವಳದು ಗುತ್ತಿಗೆ ಕೆಲಸ. ಸಿಸ್ಟರ್‌ಗೆ ತಲೆ ಸರಿಯಿಲ್ಲವಂತೆ ಎಂಬ ಮಾತು ಕಚೇರಿಯವರೆಗೆ ಹೋದರೆ ಮುಂದಿನ ವರ್ಷದ ಆದೇಶ ಬರುತ್ತದೆಯೇ ಎಂಬ ಭಯ ಅವಳಿಗೆ. ಹಾಗೇನೂ ಆಗುವುದಿಲ್ಲ ಎಂದು ಹಿರಿಯ ಅಧಿಕಾರಿಗಳು ಹೇಳಬಹುದು. ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಲಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಅವಳಿಗೆ ನಿಜವಾಗಿ ನೆರವಾಯಿತು. ಮನೆಯಲ್ಲಿ ಅತ್ತೆ ಇದ್ದಾರೆಂದು ಭಟ್ಟಿಯ ಹಿಂದೆ ಭತ್ತದ ಚೀಲಗಳ ನಡುವೆ ಕುಳಿತು ಮಾತನಾಡಿದಳು. ಅತ್ತ ಕಡೆಯವರು ಕನ್ನಡದಲ್ಲಿ, ಅವಸರ ಮಾಡದೆ ಕೇಳಿಸಿಕೊಂಡರು. ಹೊತ್ತು ಗೊತ್ತಿಲ್ಲದೆ ಕರೆ ಮಾಡಬಹುದು, ಹಣವಿಲ್ಲ. ಓದುಗರಲ್ಲಿ ಆಸ್ಪತ್ರೆಯ ಸಿಬ್ಬಂದಿ ಇದ್ದರೆ ಈ ಸಂಖ್ಯೆ ಬರೆದಿಟ್ಟುಕೊಳ್ಳಲಿ. ಆದರೆ ಎದುರು ಕುಳಿತು ಪರೀಕ್ಷಿಸಿಕೊಳ್ಳಿ ಎಂದು ಅವರೂ ಹೇಳಿದರು. ಎಲ್ಲಿ ಕುಳಿತುಕೊಳ್ಳುವುದು? ಮತ್ತೆ ಅದೇ ಬೆಂಚು.

ನನ್ನ ಬೇಡಿಕೆ ಇಷ್ಟೇ. ದಾವಣಗೆರೆಯ ಆಸ್ಪತ್ರೆ ಸಿಬ್ಬಂದಿ ಚಿತ್ರದುರ್ಗದಲ್ಲಿ, ಚಿತ್ರದುರ್ಗದವರು ದಾವಣಗೆರೆಯಲ್ಲಿ ಮನೋವೈದ್ಯರನ್ನು ಕಾಣುವಂತೆ ಎರಡೂ ಜಿಲ್ಲೆಗಳು ಒಪ್ಪಂದ ಮಾಡಿಕೊಳ್ಳಲಿ. ನಡುವೆ ಇರುವುದು ಸುಮಾರು 60 ಕಿಲೋಮೀಟರ್, ಬಸ್ಸಿಗೇನೂ ಬರವಿಲ್ಲ. ಸಂಜೆ ಹೊರರೋಗಿಗಳು ಖಾಲಿಯಾದ ಮೇಲೆ ವಾರಕ್ಕೊಮ್ಮೆ ಎರಡು ಗಂಟೆ ಮೀಸಲಿಟ್ಟರೆ ಸಾಕು. ಹೋದ ದಿನವನ್ನು ಕರ್ತವ್ಯದ ದಿನವೆಂದೇ ಎಣಿಸಬೇಕು, ಹಾಜರಿ ಪುಸ್ತಕದಲ್ಲಿ ಕಾರಣ ಬರೆಯಬಾರದು. ಕಾಯಂ ನೌಕರರಿಗೆ ಮಾತ್ರವೆಂದು ಮಾಡಿದರೆ ಮಾಡದಿದ್ದಂತೆಯೇ. ಗುತ್ತಿಗೆಯವರು, ಹೊರಗುತ್ತಿಗೆಯ ಡಿ ದರ್ಜೆಯವರು, ಆಂಬುಲೆನ್ಸ್ ಚಾಲಕರು, ಆಶಾ ಕಾರ್ಯಕರ್ತೆಯರು ಎಲ್ಲರೂ ಇದರಲ್ಲಿ ಬರಬೇಕು. ಶವ ಹೊತ್ತ ಡಿ ದರ್ಜೆಯ ಹುಡುಗರ ನಿದ್ದೆಯ ಬಗ್ಗೆ ಕೇಳಿದವರು ಇನ್ನೂ ಕಡಿಮೆ.

ಸಿಬ್ಬಂದಿ ಮೊದಲೇ ಕಡಿಮೆ, ರಜೆ ಎಲ್ಲಿಂದ ಕೊಡುವುದು ಎಂಬ ಉತ್ತರ ಬರುತ್ತದೆಂದು ಗೊತ್ತು. ನಮ್ಮ ಭಟ್ಟಿಯಲ್ಲಿ ಕಾದ ಉಸುಕಿನ ಮುಂದೆ ಹುರಿಯುವವನನ್ನು ಇಡೀ ದಿನ ಕೂರಿಸುವುದಿಲ್ಲ, ಆಳು ಎಷ್ಟೇ ಕಡಿಮೆಯಿದ್ದರೂ ಬದಲಿಸುತ್ತೇವೆ. ದಯೆಯಿಂದಲ್ಲ, ದಣಿದವನ ಕೈಯಲ್ಲಿ ಮಂಡಕ್ಕಿ ಸೀದುಹೋಗುತ್ತದೆ ಎಂದು. ವಾರ್ಡಿನಲ್ಲಿ ದಣಿದವರ ಕೈಯಲ್ಲಿರುವುದು ಮಂಡಕ್ಕಿಯಲ್ಲ. ದೀರ್ಘಕಾಲದ ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬರುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಕೆಲಸಕ್ಕೆ ಸೇರಿದ ಸಮಸ್ಯೆ ಎಂದೇ ಗುರುತಿಸಿದೆ. ಹಾಗಾದರೆ ಪರಿಹಾರವೂ ಅರ್ಧದಷ್ಟು ಡ್ಯೂಟಿ ಪಟ್ಟಿಯಲ್ಲೇ ಇರಬೇಕಲ್ಲವೇ? ಸತತ ರಾತ್ರಿ ಪಾಳಿಯ ನಂತರ ಬಿಡುವು ಕೊಡುವುದಕ್ಕೆ ಹೊಸ ಕಟ್ಟಡವೂ ಬೇಡ, ಉದ್ಘಾಟನೆಯೂ ಬೇಡ.

ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು, ಜಿಲ್ಲಾ ಶಸ್ತ್ರಚಿಕಿತ್ಸಕರು ಒಂದು ಮಧ್ಯಾಹ್ನ ಕುಳಿತರೆ ಸುತ್ತೋಲೆ ಸಿದ್ಧವಾಗುತ್ತದೆ. ಚಿಕಿತ್ಸೆ ಪಡೆದ ಕಾರಣಕ್ಕೆ ಯಾರ ಗುತ್ತಿಗೆಯನ್ನೂ ನಿಲ್ಲಿಸುವುದಿಲ್ಲ ಎಂಬ ಸಾಲು ಅದರಲ್ಲಿ ಇರಲೇಬೇಕು.

ಪತ್ರವನ್ನು ನನ್ನ ಹೆಂಡತಿ ಓದಿದ್ದಾಳೆ, ಕಾಲುಂಗುರದ ವಿಷಯ ಇರಲಿ ಎಂದಿದ್ದಾಳೆ. ನನ್ನ ಹೆಸರು, ವಿಳಾಸವನ್ನು ನಿಮ್ಮ ಮಾಹಿತಿಗಾಗಿ ಬೇರೆ ಹಾಳೆಯಲ್ಲಿ ಕಳುಹಿಸಿದ್ದೇನೆ. ದಯವಿಟ್ಟು ಪ್ರಕಟಿಸಬೇಡಿ. ಅವಳ ಗುತ್ತಿಗೆಯ ಅವಧಿ ಮಾರ್ಚ್‌ಗೆ ಮುಗಿಯುತ್ತದೆ.

— ಮಂಡಕ್ಕಿ ಭಟ್ಟಿಯವರೊಬ್ಬರು, ದಾವಣಗೆರೆ