ಯುದ್ಧಕ್ಕೆ ಮೊದಲಿನ ಆ ಐದು ತಿಂಗಳು

ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯ ಮೂಲೆಯಲ್ಲಿ ಒಂದು ಹೊಸ ಪುಸ್ತಕದ ಬಗ್ಗೆ ನಾಲ್ಕೇ ಸಾಲು ಹಾಕಿದ್ದಿರಿ. ಅಮೆರಿಕದ ಅಂತರ್ಯುದ್ಧ ಶುರುವಾಗುವ ಮೊದಲಿನ ತಿಂಗಳುಗಳನ್ನು ಕಥೆಯ ಹಾಗೆ ಹೇಳುವ ಇತಿಹಾಸ ಬರುತ್ತಿದೆ ಅಂತ. ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅದೇ ದಿನ ನಮ್ಮೂರಿನ ಪುಸ್ತಕದಂಗಡಿಗೆ ಹೋಗಿ ಬಂದ ಕೂಡಲೇ ಒಂದು ಪ್ರತಿ ತೆಗೆದಿಡಿ ಅಂತ ಹೇಳಿ ಬಂದೆ.

ಅಂತರ್ಯುದ್ಧದ ಮೇಲೆ ಪುಸ್ತಕಗಳಿಗೇನು ಬರವಿಲ್ಲ. ಆದರೆ ಬಹಳಷ್ಟು ಪುಸ್ತಕಗಳು ಮೊದಲ ಗುಂಡಿನಿಂದ ಶುರುವಾಗಿಬಿಡುತ್ತವೆ. ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಅದಕ್ಕೆ ಮೊದಲಿನ ಐದು ತಿಂಗಳು. 1860ರ ನವೆಂಬರ್ 6ಕ್ಕೆ, ಗುಲಾಮಗಿರಿ ಇನ್ನಷ್ಟು ಹರಡಬಾರದು ಅನ್ನುತ್ತಿದ್ದ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದ. ಸಿಕ್ಕಿದ್ದು ನೂರಕ್ಕೆ ಸುಮಾರು 40 ಮತ ಅಷ್ಟೇ, ಗುಲಾಮಗಿರಿ ಇದ್ದ ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ. ಗೆದ್ದರೂ ಅಧಿಕಾರ ಸಿಗುವುದು 1861ರ ಮಾರ್ಚ್ 4ಕ್ಕೆ. ಅಲ್ಲಿಯವರೆಗೆ ಕುರ್ಚಿಯಲ್ಲಿದ್ದ ಅಧ್ಯಕ್ಷ ಬುಕ್ಯಾನನ್, ರಾಜ್ಯಗಳು ಒಕ್ಕೂಟ ಬಿಟ್ಟು ಹೋಗುವುದು ತಪ್ಪು, ಆದರೆ ಬಲವಂತದಿಂದ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲ ಅಂತ ಕೂತುಬಿಟ್ಟ. ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನಾ ಹೊರಗೆ ಹೋಯಿತು. ಅಲ್ಲಿ ಸೇರಿದ್ದ 169 ಪ್ರತಿನಿಧಿಗಳಲ್ಲಿ ಒಬ್ಬನೂ ಬೇಡ ಅನ್ನಲಿಲ್ಲ. ಫೆಬ್ರುವರಿ 1ರ ಹೊತ್ತಿಗೆ ಹೋದ ರಾಜ್ಯಗಳು ಏಳು.

ಈ ಗದ್ದಲದ ನಡುವೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ, ಇನ್ನೂ ಕಟ್ಟಿ ಮುಗಿಯದ, ಕೇಂದ್ರ ಸರ್ಕಾರದ ಒಂದು ಕೋಟೆ. ಹೆಸರು ಸಮ್ಟರ್. ಡಿಸೆಂಬರ್ 26ರ ಸಂಜೆ ಕೇಂದ್ರ ಸೈನ್ಯದ ಮೇಜರ್ ರಾಬರ್ಟ್ ಆಂಡರ್ಸನ್ ತನ್ನ ಕೈಕೆಳಗಿನ ಸೈನಿಕರನ್ನು ಸದ್ದಿಲ್ಲದೆ ದೋಣಿಗಳಲ್ಲಿ ಕೂರಿಸಿಕೊಂಡು ಅಲ್ಲಿಗೆ ಸೇರಿಕೊಂಡ. ಎಲ್ಲ ಸೇರಿ ನೂರು ಜನವೂ ಇಲ್ಲ. ಈತ ಕೆಂಟಕಿಯವನು, ಹೆಂಡತಿ ಜಾರ್ಜಿಯಾದವಳು, ಅಂದರೆ ಮನಸ್ಸು ಅರ್ಧ ದಕ್ಷಿಣದಲ್ಲೇ ಇದ್ದ ಮನುಷ್ಯ. ಆದರೂ ಕೊಟ್ಟ ಮಾತಿಗೆ ನಿಂತ. ಎದುರಿಗೆ ತೋಪುಗಳನ್ನು ಸಾಲಾಗಿ ನಿಲ್ಲಿಸಿದ್ದು ದಕ್ಷಿಣದವರ ಸೇನಾಪತಿ ಬೋರಿಗಾರ್ಡ್. ಅವನಿಗೆ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ತೋಪಿನ ಪಾಠ ಹೇಳಿಕೊಟ್ಟವನು ಇದೇ ಆಂಡರ್ಸನ್! ಕಾದಂಬರಿಯಲ್ಲಿ ಹೀಗೆ ಬರೆದರೆ ಯಾರೂ ನಂಬಲ್ಲ, ಅಲ್ವಾ?

ಕೊನೆಗೆ ಎಲ್ಲವೂ ಬಂದು ನಿಂತಿದ್ದು ಊಟದ ಮೇಲೆ. ಅಧಿಕಾರ ಹಿಡಿದ ಲಿಂಕನ್‌ಗೆ ಮೊದಲು ಸಿಕ್ಕ ಸುದ್ದಿಗಳಲ್ಲಿ ಒಂದು, ಕೋಟೆಯಲ್ಲಿ ದವಸ ಇನ್ನು ಕೆಲವೇ ವಾರಕ್ಕೆ ಸಾಕು ಅನ್ನುವುದು. ಕೋಟೆ ಬಿಟ್ಟುಕೊಡೋಣ ಅಂತ ಸೆವರ್ಡ್‌ನಂಥ ದೊಡ್ಡ ಮಂತ್ರಿಯೇ ಹೇಳುತ್ತಿದ್ದ. ಒಂದು ತಿಂಗಳು ಯೋಚಿಸಿ ಲಿಂಕನ್ ಏಪ್ರಿಲ್ 8ಕ್ಕೆ ಅಲ್ಲಿನ ಗವರ್ನರ್‌ಗೆ ತಿಳಿಸಿದ: ಕಳಿಸುತ್ತಿರುವುದು ಊಟದ ಸಾಮಾನು ಮಾತ್ರ, ನೀವು ತಡೆಯದಿದ್ದರೆ ಸೈನಿಕರನ್ನಾಗಲಿ ಮದ್ದುಗುಂಡನ್ನಾಗಲಿ ಇಳಿಸುವುದಿಲ್ಲ ಅಂತ. ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ದಕ್ಷಿಣದವರ ತೋಪು ಹಾರಿತು. ಸುಮಾರು 34 ಗಂಟೆ ಗುಂಡಿನ ಮಳೆ. ಆ ಕಾಳಗದಲ್ಲಿ ಒಬ್ಬನೂ ಸಾಯಲಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ ಸತ್ತವರು 6 ಲಕ್ಷಕ್ಕೂ ಜಾಸ್ತಿ.

ಈ ದಿನಗಳನ್ನು ಒಂದೊಂದಾಗಿ ಹೇಳುವ ಪುಸ್ತಕ ನನಗೆ ಬೇಕು. ಮುಂದೇನಾಗುತ್ತದೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಫೆಬ್ರುವರಿಯಲ್ಲೂ ವಾಷಿಂಗ್ಟನ್‌ನಲ್ಲಿ ರಾಜಿ ಸಭೆ ನಡೆಯುತ್ತಲೇ ಇತ್ತು.

ಆದರೆ ಒಂದು ಭಯವೂ ಇದೆ, ಅದನ್ನು ಹೇಳಲಿಕ್ಕೇ ಈ ಪತ್ರ. ಕಥೆ ಹೇಳುವ ರುಚಿಗೆ ಬಿದ್ದರೆ ಮೇಜರ್‌ಗಳು, ಗವರ್ನರ್‌ಗಳು, ಔತಣಕೂಟಗಳು ಇವೇ ಪುಟ ತುಂಬಿಬಿಡುತ್ತವೆ. ಆಗಿನ ದಕ್ಷಿಣ ಕೆರೊಲಿನಾದ 7 ಲಕ್ಷ ಜನರಲ್ಲಿ 4 ಲಕ್ಷ ಜನ ಗುಲಾಮರು. ಇಡೀ ದೇಶದಲ್ಲಿ ಸುಮಾರು 40 ಲಕ್ಷ. ನಾವು ಯಾಕೆ ಹೊರಗೆ ಹೋಗುತ್ತಿದ್ದೇವೆ ಅಂತ ಆ ರಾಜ್ಯ ಹೊರಡಿಸಿದ ಘೋಷಣೆಯಲ್ಲೇ ಗುಲಾಮಗಿರಿಯ ಮಾತು ಸ್ಪಷ್ಟವಾಗಿ ಇದೆ. ತೋಪಿನ ಸದ್ದು ಕೇಳುತ್ತಾ ಚಾರ್ಲ್ಸ್‌ಟನ್‌ನಲ್ಲಿದ್ದ ಮೇರಿ ಚೆಸ್ನಟ್ ಎಂಬ ಸಿರಿವಂತ ಹೆಂಗಸು ತನ್ನ ದಿನಚರಿಯಲ್ಲಿ ಮನೆಯ ಆಳುಗಳ ಬಗ್ಗೆ ಬರೆದಿದ್ದಾಳೆ. ಅವರ ಮುಖದಲ್ಲಿ, ಮಾತಿನಲ್ಲಿ ಏನೂ ಬದಲಾವಣೆ ಕಾಣುತ್ತಿಲ್ಲ, ಏನೂ ಅರಿಯದವರೋ, ಇಲ್ಲಾ ನಮಗಿಂತ ಜಾಣರಾಗಿ ತಮ್ಮ ಕಾಲ ಬರಲಿ ಅಂತ ಸುಮ್ನೆ ಕಾಯುತ್ತಿದ್ದಾರೋ ಅಂತ ಅವಳಿಗೆ ಅನುಮಾನ. ಅದಕ್ಕೆ ಉತ್ತರ ಮರುವರ್ಷವೇ ಸಿಕ್ಕಿತು. 1862ರ ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ, ಅದೇ ಬಂದರಿನಲ್ಲಿ ತಾನು ದುಡಿಯುತ್ತಿದ್ದ ಹಡಗನ್ನೇ ತೆಗೆದುಕೊಂಡು, ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಹೆಂಡತಿ ಮಕ್ಕಳ ಸಮೇತ ಸಮ್ಟರ್ ಕೋಟೆಯ ಮುಂದೆಯೇ ದಾಟಿ ಉತ್ತರದವರ ಕಡೆ ಹೋಗಿಬಿಟ್ಟ. ಹೊಸ ಪುಸ್ತಕ ತೆರೆದಾಗ ನಾನು ಮೊದಲು ಹುಡುಕುವುದು ಇಂಥವರನ್ನು. ಊಟ ಬಡಿಸುತ್ತಾ ಎಲ್ಲ ಕೇಳಿಸಿಕೊಂಡವರನ್ನು.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಮಾತು. ಯುದ್ಧದಿಂದ ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಲ್ಯಾಂಕಶೈರ್‌ನ ಬಟ್ಟೆ ಗಿರಣಿಗಳು ಬಾಗಿಲು ಹಾಕಿದಾಗ, ಅವರ ಕಣ್ಣು ಬಿದ್ದಿದ್ದು ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಮೇಲೂ. ಅಮೆರಿಕದ ತಳಿಯನ್ನು ಅದಕ್ಕೂ ಮೊದಲೇ ಅಲ್ಲಿ ಬೆಳೆಸಿದ್ದರು. ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಲೆ ಏರಿ ಕುಣಿಯಿತು, 1865ರಲ್ಲಿ ಯುದ್ಧ ಮುಗಿದಾಗ ಧೊಪ್ಪನೆ ಬಿತ್ತು.

ಕನ್ನಡದಲ್ಲಿ ಲಿಂಕನ್ ಅಂದರೆ ಈಗಲೂ ಮಗನ ಶಿಕ್ಷಕರಿಗೆ ಬರೆದ ಪತ್ರವೇ ನೆನಪಿಗೆ ಬರುತ್ತದೆ. ಶಾಲೆಯ ಗೋಡೆಗಳಲ್ಲೂ ಅದನ್ನು ಕಂಡಿದ್ದೇನೆ. ಅದನ್ನು ಅವನು ಬರೆದ ಎನ್ನುವುದಕ್ಕೆ ಆಧಾರವೇ ಇಲ್ಲ. ಅದರ ಬದಲು ಕೋಟೆಗೆ ಊಟ ಕಳಿಸಲೋ ಬೇಡವೋ ಅಂತ ಒಂದು ತಿಂಗಳು ನಿದ್ದೆಗೆಟ್ಟ ಲಿಂಕನ್ ನಮ್ಮ ಮಕ್ಕಳಿಗೆ ಸಿಗಬೇಕು ಅಂತ ನನ್ನ ಆಸೆ. ಹಾಗಾಗಿ ಪುಸ್ತಕ ಬಂದಾಗ ದಯವಿಟ್ಟು ನಾಲ್ಕು ಸಾಲಿಗೆ ಮುಗಿಸಬೇಡಿ. ಒಂದು ಪೂರ್ತಿ ಪುಟ ಕೊಡಿ, ಜೊತೆಗೆ ಚಾರ್ಲ್ಸ್‌ಟನ್ ಬಂದರಿನ ನಕ್ಷೆ ಹಾಕಿ. ಕೋಟೆ ಎಲ್ಲಿತ್ತು, ತೋಪುಗಳು ಎಲ್ಲೆಲ್ಲಿದ್ದವು ಅಂತ ಕಣ್ಣಾರೆ ನೋಡಿಕೊಂಡು ಓದಬಹುದು.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮೇಷ್ಟ್ರು, ದಾವಣಗೆರೆ